ಗಂಟೆ ಕೇಳಿದರೆ ಬಟ್ಟಲು ನೋಡು

ಹೋದ ವಾರ ಶಿರಸಿ ಪೇಟೆಯ ಗೊಬ್ಬರದ ಅಂಗಡಿಗೆ ಹೋಗಿದ್ದೆ. ಕುಂಡದಲ್ಲಿರುವ ನನ್ನ ಮಲ್ಲಿಗೆ ಗಿಡಕ್ಕೆ ಒಂದಿಷ್ಟು ಬೇವಿನ ಹಿಂಡಿ ಬೇಕಿತ್ತು. ಅಂಗಡಿಯವರು ಬಿಲ್ಲಿಗೆಂದು ಗುಂಡಿ ಒತ್ತಿದ್ದೇ ತಡ, ಮೂಲೆಯಲ್ಲಿದ್ದ ಹಳೆಯ ಪ್ರಿಂಟರು ಕರಕರ ಹಲ್ಲು ಕಡಿಯುತ್ತ ಶುರು ಮಾಡಿತು. ಬಿಸಿಯಾದ ಮಸಿಪಟ್ಟಿಯ ವಾಸನೆ, ಮಳೆಗಾಲದ ತೇವಕ್ಕೆ ಮೆತ್ತಗಾದ ಕಾಗದದ ವಾಸನೆ, ಎರಡೂ ಕೂಡಿ ಮೂಗಿಗೆ ಬಂತು. ನಾನು ನಿಂತಲ್ಲೇ ನಗತೊಡಗಿದೆ.

"ಯಾಕ್ರಿ ಅಕ್ಕಾರ, ಬಿಲ್ ನೋಡೋಕೂ ಮೊದ್ಲೇ ನಗ್ತೀರಲ್ಲ?" ಎಂದರು ಅಂಗಡಿಯವರು.

ಏನೆಂದು ಹೇಳಲಿ? ಆ ವಾಸನೆ ನನ್ನನ್ನು ಎತ್ತಿಕೊಂಡು ಹೋಗಿ ಯಲ್ಲಾಪುರದ ಒಂದು ಮಳೆಗಾಲದಲ್ಲಿ ಇಳಿಸಿತ್ತು.

ನಮ್ಮವರಿಗೆ ಯಲ್ಲಾಪುರಕ್ಕೆ ವರ್ಗವಾದ ವರ್ಷ ಅದು. ನಾನು ಬನವಾಸಿ ಸೀಮೆಯವಳು. ಮಳೆಯೆಂದರೆ ಬಂದು ಉಂಡು ಹೋಗುವ ನೆಂಟ ಎಂದುಕೊಂಡು ಬೆಳೆದವಳು. ಯಲ್ಲಾಪುರದಲ್ಲಿ ಅದು ಮನೆ ಅಳಿಯನ ಹಾಗೆ ಬಂದು ಕೂತೇಬಿಟ್ಟಿತು. ಉಪ್ಪಿನ ಭರಣಿಯಲ್ಲಿ ನೀರು, ಒಗೆದ ಬಟ್ಟೆಯಲ್ಲಿ ಮುಗ್ಗಲು ವಾಸನೆ. ಬೆಂಕಿಪೆಟ್ಟಿಗೆಯನ್ನು ಅಕ್ಕಿ ಡಬ್ಬಿಯಲ್ಲಿ ಹೂತಿಡುವುದನ್ನು ನಾನು ಅಲ್ಲೇ ಕಲಿತದ್ದು. ಆದರೆ ಶಿವ ಒಂದು ಕೈಯಲ್ಲಿ ಒದ್ದೆಯಾದದ್ದನ್ನು ಕೊಟ್ಟರೆ ಇನ್ನೊಂದು ಕೈಯಲ್ಲಿ ಬೆಚ್ಚಗಿನದನ್ನೂ ಕೊಡುತ್ತಾನೆ. ನಮಗೆ ಬಾಡಿಗೆಗೆ ಸಿಕ್ಕಿದ್ದು ಇಮಾಮ್‌ಸಾಬರ ಮನೆಯ ಮಾಳಿಗೆ.

ಇಮಾಮ್‌ಸಾಬರದು ಲಾರಿ ವ್ಯವಹಾರ. ಮನೆಯ ಎದುರಿಗೇ ರಸ್ತೆಯಾಚೆ ಅವರ ಟ್ರಾನ್ಸ್‌ಪೋರ್ಟ್ ಆಫೀಸು, ಹಿಂದೆ ಗೋದಾಮು. ಕೆಳಗೆ ಅವರು, ಅವರ ಹೆಂಡತಿ ಖೈರೂನ್‌ಬಿ, ಮಗಳು ನಸ್ರೀನ್, ಜೊತೆಗೆ ಸದಾ ಬಂದುಹೋಗುವ ನೆಂಟರು. ನಸ್ರೀನ್ ಶಿರಸಿಯ ಕಾಲೇಜಿನಲ್ಲಿ ಕಂಪ್ಯೂಟರ್ ಡಿಗ್ರಿಯ ಕೊನೆಯ ವರ್ಷದಲ್ಲಿದ್ದಳು. ಪಾಠಗಳೆಲ್ಲ ಮುಗಿದು ಪ್ರಾಜೆಕ್ಟ್ ಒಂದೇ ಉಳಿದಿತ್ತು. ಕೆಳಗಿನ ಗದ್ದಲದಲ್ಲಿ ತಲೆ ಓಡುವುದಿಲ್ಲವೆಂದು ದಿನವೂ ಬೆಳಿಗ್ಗೆ ಲ್ಯಾಪ್‌ಟಾಪ್ ಅಪ್ಪಿಕೊಂಡು ಮೇಲೆ ಬಂದು, ನಮ್ಮ ಪಡಸಾಲೆಯ ಕಿಟಕಿ ಪಕ್ಕದ ಮೇಜಿಗೆ ಕೂರುತ್ತಿದ್ದಳು. ನಮ್ಮವರು ಕಚೇರಿಗೆ ಹೋದ ಮೇಲೆ ಆ ಮನೆಯಲ್ಲಿ ಮಾತಾಡಲು ಮಳೆಯೊಂದೇ ಇರುತ್ತಿತ್ತು. ಅದರ ಬದಲು ಈ ಹುಡುಗಿ ಸಿಕ್ಕಳು. ಆ ವರ್ಷ ನಾನು ಎಣಿಸಿಕೊಂಡ ಕೃಪೆಗಳಲ್ಲಿ ಇದೇ ಮೊದಲನೆಯದು.

"ಏನವಾ ಅದು, ಮುಂಜಾನಿಂದ ಕಣ್ಣು ಕೀಳದಂಗ ನೋಡಾಕತ್ತಿ?" ಎಂದು ಒಂದು ದಿನ ಕೇಳಿದೆ.

ಅವಳು ಬೇಸರಪಡದೆ ಹೇಳಿದಳು. ಕಂಪ್ಯೂಟರಿನೊಳಗೆ ಒಂದೇ ಹೊತ್ತಿಗೆ ಹತ್ತಾರು ಕೆಲಸ ನಡೆದಿರುತ್ತವಂತೆ. ನಡೆಯುತ್ತಿರುವ ಒಂದೊಂದು ಪ್ರೋಗ್ರಾಮಿಗೂ ಪ್ರೋಸೆಸ್ ಎನ್ನುತ್ತಾರೆ. ಒಂದರ ಅಡುಗೆಮನೆಗೆ ಇನ್ನೊಂದು ನುಗ್ಗುವಂತಿಲ್ಲ. ಏನಾದರೂ ತಿಳಿಸಬೇಕಾದರೆ ಮನೆಯ ಹಿರಿಯರಂತಿರುವ ಆಪರೇಟಿಂಗ್ ಸಿಸ್ಟಮಿಗೆ ಹೇಳಬೇಕು. ಅದು ಹೋಗಿ ಇನ್ನೊಂದರ ಹೆಗಲು ತಟ್ಟುತ್ತದೆ. ಹಾಗೆ ತಟ್ಟುವುದಕ್ಕೇ ಸಿಗ್ನಲ್ ಎಂದು ಹೆಸರು.

"ತಟ್ಟಿ ಏನ್ ಹೇಳ್ತದ?"

"ಏನೂ ಹೇಳಲ್ಲ ಆಂಟಿ. ಒಂದು ನಂಬರ್, ಅಷ್ಟೇ. ಆ ನಂಬರ್ ಬಂದ್ರೆ ಏನು ಮಾಡ್ಬೇಕು ಅಂತ ನಾವು ಮೊದ್ಲೇ ಬರೆದಿಟ್ಟಿರ್ಬೇಕು."

"ತಟ್ಟಿಸ್ಕೊಂಡವ್ರು ಒಲ್ಲೆ ಅಂದ್ರ?"

"ಸುಮಾರು ನಂಬರಿಗೆ ಒಲ್ಲೆ ಅನ್ನಬಹುದು, ಸ್ವಲ್ಪ ತಡಿ ಅಂತಾನೂ ಅನ್ನಬಹುದು. ಒಂಬತ್ತನೇ ನಂಬರಿಗೆ ಅದೆಲ್ಲ ನಡೆಯಲ್ಲ. ಅದು ಬಂತು ಅಂದ್ರೆ ಪ್ರೋಸೆಸ್ ಅಲ್ಲೇ ಖತಂ."

"ಹಂಗಾರ ಅದು ಯಮಧರ್ಮನ ನಂಬರು."

"ನಮ್ಮಲ್ಲಿ ಇಜ್ರಾಯಿಲ್ ಅಂತಾರೆ. ಇಬ್ರದ್ದೂ ಒಂದೇ ಡಿಪಾರ್ಟ್‌ಮೆಂಟ್ ಇರ್ಬೇಕು ಆಂಟಿ" ಎಂದು ಅವಳು ನಕ್ಕಳು. ಅವತ್ತಿನಿಂದ ನಮ್ಮಿಬ್ಬರಿಗೂ ಕೂಡಿಬಂತು.

ಅವಳ ಪ್ರಾಜೆಕ್ಟು ಇದ್ದದ್ದು ಅಪ್ಪನ ಆಫೀಸಿಗಾಗಿಯೇ. ಅಲ್ಲಿಯವರೆಗೆ ಇಮಾಮ್‌ಸಾಬರು ಬಂದ ಲಾರಿಗೆಲ್ಲ ಕೈಯಲ್ಲೇ ಚೀಟಿ ಬರೆದುಕೊಡುತ್ತಿದ್ದರು. ಚೀಟಿ ತೋರಿಸದೆ ಗೋದಾಮಿನಲ್ಲಿ ಮಾಲು ಇಳಿಸುವಂತಿಲ್ಲ. ನಸ್ರೀನ್ ಎರಡು ಪ್ರೋಗ್ರಾಮು ಬರೆದಿದ್ದಳು. ಅಪ್ಪ ಲಾರಿ ನಂಬರು ಒತ್ತಿದರೆ ಸಾಕು, ಮೊದಲನೆಯ ಪ್ರೋಗ್ರಾಮು ಅದರ ಮಾಲಿನ ವಿವರ ಹುಡುಕಿ, ಸಾಲಿನಲ್ಲಿಟ್ಟು, ಎರಡನೆಯದಕ್ಕೆ ಸಿಗ್ನಲ್ ಕೊಡುತ್ತದೆ; ಎರಡನೆಯದು ಎದ್ದು ಸಾಲಿನ ಮೊದಲಿಗಿರುವುದರ ಚೀಟಿ ಅಚ್ಚು ಮಾಡುತ್ತದೆ. ಇದರ ಹಿಂದೆ ಅವಳ ಆಸೆಯೊಂದಿತ್ತು. ಆ ಆಫೀಸಿನಲ್ಲಿ, ಅಪ್ಪ ಕೂರುವ ಕುರ್ಚಿಯಲ್ಲಿ ಕೂತು ವ್ಯವಹಾರ ನಡೆಸಬೇಕು. ಒಬ್ಬಳೇ ಮಗಳು, ಬೇರೆ ಯಾರು ನೋಡಿಕೊಳ್ಳಬೇಕು? ಇಮಾಮ್‌ಸಾಬರು ಇಲ್ಲವೆಂದೂ ಅನ್ನಲಿಲ್ಲ, ಹೂಂ ಎಂದೂ ಅನ್ನಲಿಲ್ಲ. "ಮೊದ್ಲು ನಿನ್ನ ಮಶೀನು ನನ್ನ ಲಾರಿಗಳನ್ನ ಸರಿಯಾಗಿ ದಾಟಿಸ್ಲಿ ಬೇಟಿ. ಆಮೇಲೆ ಕುರ್ಚಿ ಮಾತು" ಎಂದಿದ್ದರು.

ಅದನ್ನು ಆಫೀಸಿನಲ್ಲಿ ಹಚ್ಚಿದ ಮೊದಲ ದಿನಗಳಲ್ಲಿ ಎಲ್ಲ ಚೆನ್ನಾಗಿ ನಡೆಯಿತು. ಆಮೇಲೆ ಒಂದು ದಿನ ಅರಬೈಲ್ ಘಟ್ಟದಲ್ಲಿ ಮರ ಬಿದ್ದು ರಸ್ತೆ ಕಟ್ಟಿತು. ಮರ ಎತ್ತಿದ ಮೇಲೆ, ತಡೆದು ನಿಂತಿದ್ದ ಲಾರಿಗಳು ಸಾಲಾಗಿ ಘಟ್ಟ ಹತ್ತಿ ಬಂದವು. ಮೂರು ಲಾರಿ ಒಟ್ಟಿಗೇ ಅಂಗಳಕ್ಕೆ ನುಗ್ಗಿದವು. ಇಮಾಮ್‌ಸಾಬರು ಮೂರೂ ನಂಬರು ಪಟಪಟನೆ ಒತ್ತಿದರು. ಪ್ರಿಂಟರು ಎರಡು ಚೀಟಿ ಕೊಟ್ಟು ಸುಮ್ಮನಾಯಿತು. ಹೆಂಚು ತಂದಿದ್ದ ಮೂರನೆಯವನು ಮಳೆಯಲ್ಲಿ ನೆನೆಯುತ್ತ ನಿಂತ. ಅಷ್ಟರಲ್ಲಿ ನಾಲ್ಕನೆಯದು ಬಂತು. ಅದರ ನಂಬರು ಒತ್ತಿದಾಗ ಬಂದದ್ದು ಹಿಂದೆ ಉಳಿದಿದ್ದ ಹೆಂಚಿನ ಚೀಟಿ! ನೋಡದೆ ಅದನ್ನೇ ಹರಿದು ಅವನ ಕೈಗಿಟ್ಟರು.

"ಸಾಬ್ರೆ, ನಾನು ಅಂಕೋಲೆಯಿಂದ ತೆಂಗಿನಕಾಯಿ ತಂದವ" ಎಂದ ಆ ಡ್ರೈವರು, ಇಡೀ ಅಂಗಳಕ್ಕೆ ಕೇಳುವಂತೆ. "ಘಟ್ಟ ಹತ್ತೋದ್ರೊಳಗೆ ಎಲ್ಲ ಹೆಂಚಾಗಿ ಹೋಯ್ತಾ?"

ಕಿಟಕಿಯಲ್ಲಿ ನಿಂತಿದ್ದ ನನಗೂ ನಗು ಬಂತು. ಪಕ್ಕದಲ್ಲಿದ್ದ ಹುಡುಗಿಯ ಮುಖ ನೋಡಿ ನುಂಗಿಕೊಂಡೆ. ಅಲ್ಲಿಂದ ಮುಂದೆ ಬಂದವರಿಗೆಲ್ಲ ತಮಗಿಂತ ಮೊದಲು ಬಂದವನ ಚೀಟಿ. ಕೊನೆಗೆ ಇಮಾಮ್‌ಸಾಬರು ವೈರು ಕಿತ್ತು, ಹಳೆಯ ಚೀಟಿ ಕಟ್ಟು ಹೊರತೆಗೆದರು. ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಅಷ್ಟು ನೋವಾಗುತ್ತಿರಲಿಲ್ಲವೇನೋ. "ನಿಮ್ಮ ಕಾಲೇಜಿನ ಮಾಸ್ತರು ಪ್ರಾಜೆಕ್ಟ್ ನೋಡೋಕೆ ಬರ್ತಾರಲ್ಲ, ಅವತ್ತು ಇನ್ನೊಂದು ಸಲ ಹಚ್ಚು. ಅವತ್ತೂ ಹಿಂಗಾದ್ರೆ ಇದು ಆಫೀಸಿಗೆ ಬೇಡ. ಕುರ್ಚಿ ಮಾತೂ ಬೇಡ" ಎಂದರು.

ಆಮೇಲಿನ ದಿನಗಳಲ್ಲಿ ಮಳೆಯೂ ಬಿಡಲಿಲ್ಲ, ಅವಳೂ ಆ ಪ್ರೋಗ್ರಾಮು ಬಿಡಲಿಲ್ಲ. ಪ್ರಿಂಟರಿನ ವೈರು ಬದಲಿಸಿ ನೋಡಿದಳು. "ಒಂದೊಂದೇ ನಂಬರ್ ಒತ್ತಿದ್ರೆ ಸರಿಯಾಗೇ ಬರ್ತದೆ ಆಂಟಿ. ತಪ್ಪು ಮಾಡು ಅಂದ್ರೂ ಮಾಡಲ್ಲ. ನಾನು ಯಾವುದನ್ನ ಅಂತ ತಿದ್ದಲಿ?" ಎಂದು ಒಂದು ದಿನ ಕಣ್ಣು ತುಂಬಿಕೊಂಡಳು. ನನಗೆ ಏನು ಗೊತ್ತು? ಕಾಳುಮೆಣಸಿನ ಕಷಾಯ ಮಾಡಿಕೊಟ್ಟೆ. ನನ್ನ ಕೈಲಾದದ್ದು ಅಷ್ಟೇ. ಅವಳು ಕುಡಿದು, ಮೂಗು ಒರೆಸಿಕೊಂಡು ಮತ್ತೆ ಕೂತಳು.

ಶ್ರಾವಣ ಸೋಮವಾರ ಬಂತು. ನಾನು ಒಳಕೋಣೆಯಲ್ಲಿ ಪೂಜೆಗೆ ಕೂತಿದ್ದೆ. ಅಂಗೈಯಲ್ಲಿ ಲಿಂಗವಿರುವಷ್ಟು ಹೊತ್ತು ನಾನು ಏಳುವುದಿಲ್ಲ, ಮಾತಾಡುವುದಿಲ್ಲ. ಏನಾದರೂ ಬೇಕಾದರೆ ಪಕ್ಕದಲ್ಲಿರುವ ಸಣ್ಣ ಹಿತ್ತಾಳೆ ಗಂಟೆ ಬಾರಿಸುವುದು ನಮ್ಮ ತವರಿನ ರೂಢಿ. ಆ ಮಾಳಿಗೆಯಲ್ಲಿ ಗಂಟೆ ಕೇಳುವವಳು ನಸ್ರೀನ್ ಒಬ್ಬಳೇ. ಹೂವು ತರುವ ಕೈಯ ಜಾತಿ ಕೇಳಬಾರದೆಂದು ನಮ್ಮವ್ವ ಕಲಿಸಿದ್ದಳು. ಅದಕ್ಕೆ ಯಾವ ಅಡ್ಡಿಯೂ ಇರಲಿಲ್ಲ. ಅವತ್ತು ಬಿಲ್ವಪತ್ರೆ ಮುಗಿಯಿತು, ಬಾರಿಸಿದೆ. ಯಾರೂ ಬರಲಿಲ್ಲ. ನೀರಿನ ಬಟ್ಟಲೂ ಬರಿದಾಗಿದ್ದು ಕಂಡಿತು, ಮತ್ತೆ ಬಾರಿಸಿದೆ. ಕರ್ಪೂರವೂ ಇರಲಿಲ್ಲ, ಮತ್ತೊಮ್ಮೆ. ಸ್ವಲ್ಪ ತಡವಾಗಿ ನಸ್ರೀನ್ ಬಂದಳು. ದಿನವೂ ಬೇಕಾಗುವುದು ಅದೇ ಎಂದು ಬುಟ್ಟಿಯಲ್ಲಿದ್ದ ಬಿಲ್ವಪತ್ರೆಯನ್ನಷ್ಟೇ ಇಟ್ಟು ಹೊರಟಳು. ನಾನು ಕಣ್ಣಗಲಿಸಿ ನೋಡಿದೆ. ಅವಳೂ ಕಣ್ಣಗಲಿಸಿ, ತಲೆಯಾಡಿಸಿ, ನಡೆದೇಬಿಟ್ಟಳು. ಹುಬ್ಬು ಹಾರಿಸಿದ್ದು ಬರೀ ಗಾಳಿಗೆ. ಶಿವ ದೊಡ್ಡವನು, ಕರ್ಪೂರವಿಲ್ಲದ ಪೂಜೆಯನ್ನೂ ಒಪ್ಪಿಕೊಂಡಿರಬೇಕು.

ಪೂಜೆ ಮುಗಿಸಿ ಎದ್ದವಳೇ ಕೇಳಿದೆ. "ಏನವಾ, ಮೂರು ಸಲ ಬಾರಿಸಿದೆ, ಒಂದೇ ತಂದಿ?"

"ನೀವು ಒಲೆ ಮೇಲೆ ಇಟ್ಟಿದ್ದ ಹಾಲು ಉಕ್ತಾ ಇತ್ತು ಆಂಟಿ! ಅದನ್ನ ಇಳಿಸ್ತಾ ಇದ್ದೆ. ನೀವು ಬಾರಿಸ್ತಾನೇ ಇದ್ರಿ. ಕರೀತಿದಾರೆ ಅಂತ ಗೊತ್ತಾಯ್ತು. ಮೂರು ಸಾಮಾನಿಗೆ ಮೂರು ಸಲ ಅಂತ ನನಗೆ ಹ್ಯಾಗೆ ಗೊತ್ತಾಗ್ಬೇಕು?"

"ನಮ್ಮ ತವರಿನಾಗ ಗಂಟಿ ಯಾರೂ ಎಣಸೂದಿಲ್ಲ. ಬಂದು, ಬರಿದಾದ ಬಟ್ಟಲ ನೋಡ್ತಾರ. ಎಷ್ಟು ಬರಿದಾಗ್ಯಾವೋ ಅಷ್ಟೂ ತುಂಬಿ ಹೋಗ್ತಾರ. ನೀ ನೋಡಿದ್ರ ಪತ್ರಿ ಒಗದು ಓಡೀದಿ!"

ನಾನು ಬೈದದ್ದು ಬರೀ ಕರ್ಪೂರದ ಸಿಟ್ಟಿಗೆ. ಅವಳು ಮಾತ್ರ ಹಾಲಿನ ಪಾತ್ರೆಯ ಇಕ್ಕಳ ಕೈಯಲ್ಲಿ ಹಿಡಿದವಳು ಹಾಗೇ ನಿಂತುಬಿಟ್ಟಳು.

"ಆಂಟಿ... ನಾನು ಹಾಲು ಇಳಿಸ್ತಾ ಇದ್ದಾಗ ಮೂರು ಗಂಟೆ ಒಂದಾಗಿ ಹೋಯ್ತು."

"ಹೌದು, ಅದನ್ನ ಹೇಳಾಕತ್ತೀನಿ."

"ಪ್ರಿಂಟರಿಗೂ ಅದೇ ಆಗಿದೆ! ಅದು ಒಂದು ಚೀಟಿ ಮಾಡ್ತಾ ಇರ್ತದೆ. ಅಷ್ಟರಲ್ಲಿ ಅದೇ ನಂಬರಿನ ಸಿಗ್ನಲ್ ಎಷ್ಟು ಬಂದ್ರೂ, 'ಯಾರೋ ಕರೆದ್ರು' ಅಂತ ಒಂದೇ ಗುರುತು ಉಳೀತದೆ. ಎರಡನೇ ಲಾರೀದೂ ಮೂರನೇದೂ ಕೂಡಿ ಒಂದಾಗಿದೆ. ಇದನ್ನ ಓದಿದ್ದೆ ಆಂಟಿ! ಪರೀಕ್ಷೆಲಿ ಬರೆದು ಮಾರ್ಕ್ಸೂ ತಗೊಂಡಿದ್ದೆ. ನನ್ನ ಅಬ್ಬಾನ ಆಫೀಸಿನಲ್ಲೇ ಹೀಗಾಗ್ತದೆ ಅಂತ ಹೊಳೀಲೇ ಇಲ್ಲ!"

ಇಕ್ಕಳವನ್ನು ನನ್ನ ಕೈಗಿತ್ತು ಮೇಜಿಗೆ ಓಡಿದಳು. ಮಧ್ಯಾಹ್ನ ಊಟಕ್ಕೆ ಕರೆದರೆ "ಹೂಂ" ಎಂದಳೇ ಹೊರತು ಏಳಲಿಲ್ಲ. ಹೊಸ ಏರ್ಪಾಡು ಹೀಗಂತೆ. ಮೊದಲನೆಯ ಪ್ರೋಗ್ರಾಮು ಮುಂಚಿನಂತೆಯೇ ಒಂದೊಂದು ಲಾರಿಯ ವಿವರವನ್ನೂ ಸಾಲಿನಲ್ಲಿ ಇಡುತ್ತದೆ. ಸಿಗ್ನಲ್ಲಿಗೆ ಇನ್ನು ಒಂದೇ ಅರ್ಥ: ಬಂದು ನೋಡು. ಎರಡನೆಯದು ಸಿಗ್ನಲ್ ಬಂದ ಕೂಡಲೇ ಕೈಯಲ್ಲಿದ್ದ ಕೆಲಸ ಬಿಟ್ಟು ಓಡುವಂತಿಲ್ಲ. ಕರೆ ಬಂದದ್ದನ್ನು ಗುರುತು ಹಾಕಿಕೊಂಡು, ಹಿಡಿದ ಚೀಟಿ ಮುಗಿಸಿ, ಆಮೇಲೆ ಅಲ್ಲಿ ಸಾಲಿನಲ್ಲಿರುವುದೆಲ್ಲ ತೀರುವವರೆಗೆ ಅಚ್ಚು ಮಾಡಬೇಕು.

"ಇದನ್ನ ನಾವು ಆಡಿ ನೋಡೋಣ" ಎಂದಳು ಮರುದಿನ. ನಾನು ಪ್ರಿಂಟರು. ಖೈರೂನ್‌ಬಿ ಇಮಾಮ್‌ಸಾಬರು. ನಾನು ಒಲೆಯ ಮುಂದೆ ಜೋಳದ ರೊಟ್ಟಿ ಬಡಿಯುವುದು; ಅವರು ಪರಾತದಲ್ಲಿ ಬಟ್ಟಲಿಟ್ಟು ಗಂಟೆ ಬಾರಿಸುವುದು. ಗಂಟೆ ಕೇಳಿದರೆ ನಾನು "ಹೂಂ" ಎನ್ನಬೇಕು, ಅಷ್ಟೇ. ಬೇಯುತ್ತಿರುವ ರೊಟ್ಟಿ ಇಳಿಸಿದ ಮೇಲೆ ಪರಾತ ನೋಡಿ, ಇದ್ದಷ್ಟು ಬಟ್ಟಲಿಗೂ ರೊಟ್ಟಿ ಹಾಕಬೇಕು. ಬಟ್ಟಲು ತೀರಿದರೆ ಮಣೆಯ ಮೇಲೆ ಕೂತು, ಮುಂದಿನ ಗಂಟೆಗೆ ಕಾಯಬೇಕು.

ಖೈರೂನ್‌ಬಿಗೆ ಗಂಟೆ ಕೈಗೆ ಸಿಕ್ಕಿದ್ದೇ ಸಿಕ್ಕಿದ್ದು, ಮನಸೋ ಇಚ್ಛೆ ಬಾರಿಸಿದರು. ನಾನು "ಹೂಂ, ಹೂಂ, ಹೂಂ" ಎನ್ನುತ್ತ ಬಡಿದೆ. ಒಂದು ಬಟ್ಟಲೂ ತಪ್ಪಲಿಲ್ಲ. ಕೊನೆಯದಕ್ಕೆ ಹಾಕಿ, ಪರಾತದಲ್ಲಿ ಬರಿ ಬಟ್ಟಲು ಉಳಿದಿಲ್ಲವೆಂದು ನೋಡಿ, ಮಣೆಯ ಕಡೆ ತಿರುಗಿದೆ. ಕೂರುವ ಮೊದಲೇ ಬೆನ್ನ ಹಿಂದೆ ಅವರು ಇನ್ನೊಂದು ಬಟ್ಟಲಿಟ್ಟು ಟಣ್ ಎನಿಸಿದರು. "ಹೂಂ" ಎಂದೆ. ಹೇಳಿಕೊಟ್ಟ ಪ್ರಕಾರ ಕೂತೆ. ಮುಂದಿನ ಗಂಟೆಗೆ ಕಾದೆ.

"ಅಕ್ಕಾ" ಎಂದರು ಖೈರೂನ್‌ಬಿ. "ಬಟ್ಟಲೂ ಖಾಲಿ, ಹೊಟ್ಟೇನೂ ಖಾಲಿ. ನೀವು ಕೂತೇಬಿಟ್ರಲ್ಲ!"

"ನಿನ್ನ ಮಗಳೇ ಕೂಡು ಅಂದಾಳ!"

ನಸ್ರೀನ್ ಚಪ್ಪಾಳೆ ತಟ್ಟಿ ಕುಣಿದಳು. "ಅಮ್ಮಿ, ನೀವು ಇಲ್ಲದಿದ್ರೆ ಇದು ಮಾಸ್ತರ ಮುಂದೆ ಸಿಕ್ಕಿಬೀಳ್ತಿತ್ತು!" ನೋಡಿದ್ದಕ್ಕೂ ಕೂತದ್ದಕ್ಕೂ ನಡುವೆ ಇಷ್ಟೇ ಇಷ್ಟು ಸಂದಿ; ಅಲ್ಲಿ ಬಂದ ಕರೆಗೆ ಯಾರೂ ಏಳುವುದಿಲ್ಲ. ಅದಕ್ಕೂ ಉಪಾಯವಿತ್ತು. ನೋಡುವಷ್ಟು ಹೊತ್ತು ಸಿಗ್ನಲ್ಲನ್ನು ಬಾಗಿಲಲ್ಲಿ ತಡೆದಿಡುವುದು. ಕೂರುವುದೂ ಬಾಗಿಲು ತೆರೆಯುವುದೂ ಒಂದೇ ಉಸಿರಿನಲ್ಲಿ ಆಗುವುದು. ಅದಕ್ಕೆಂದೇ ಒಂದು ಆಜ್ಞೆ ಆಪರೇಟಿಂಗ್ ಸಿಸ್ಟಮಿನಲ್ಲಿ ಇದೆಯಂತೆ.

"ತಡೆದಿಟ್ಟಿದ್ದು ಕಳದು ಹೋಗೂದಿಲ್ಲೇನು?" ಎಂದೆ.

"ಇಲ್ಲ ಆಂಟಿ. ಬಾಗಿಲಲ್ಲೇ ಕಾಯ್ತಾ ಇರ್ತದೆ. ತೆರೆದ ಕೂಡ್ಲೇ ಒಳಗೆ ಬರ್ತದೆ."

ಈ ಮಾತು ನನಗೆ ಬಹಳ ಹಿಡಿಸಿತು. ನಾನು ಕೂಗಿದ್ದೆಲ್ಲ ಮೇಲಿನವನಿಗೆ ಆ ಕ್ಷಣವೇ ಕೇಳಿಸುವುದಿಲ್ಲವೆಂದು ಎಷ್ಟೋ ಸಲ ಅನಿಸಿದ್ದುಂಟು. ಬಾಗಿಲಲ್ಲಿ ಕಾಯುತ್ತಿರಬಹುದು ಎಂದುಕೊಂಡರೆ ಸಮಾಧಾನ. ಮಾಡಿದ ರೊಟ್ಟಿಯನ್ನೆಲ್ಲ ಮೂವರೂ ಶೇಂಗಾ ಚಟ್ನಿಯೊಡನೆ ಅಲ್ಲೇ ಕೂತು ಮುಗಿಸಿದೆವು.

ಮಾಸ್ತರು ಬರುವ ದಿನ ಬಂತು. ಸಿದ್ದಾಪುರದ ಕಡೆಯ ಹೆಗಡೆ ಸರ್. ತೆಳ್ಳಗೆ, ಕೊಡೆ ಮಡಚಲು ಒದ್ದಾಡುತ್ತ ಬಂದರು. ನಾನೂ ಖೈರೂನ್‌ಬಿಯೂ ಚಹಾ ಕೊಡುವ ನೆಪದಲ್ಲಿ ಆಫೀಸಿನ ಬೆಂಚು ಹಿಡಿದೆವು. ಅವರ ಬೆರಳಲ್ಲಿ ತಸ್ಬೀಹ್ ಮಣಿ, ನನ್ನ ತುಟಿಯಲ್ಲಿ ನಮಃ ಶಿವಾಯ. ಆದರೆ ಅವತ್ತೇ ಬಿಸಿಲು ಬಿದ್ದಿತ್ತು! ರಸ್ತೆಗೆ ಯಾವ ತೊಂದರೆಯೂ ಇಲ್ಲ. ಲಾರಿಗಳು ಒಂದೊಂದೇ ಆರಾಮಾಗಿ ಬಂದವು, ಒಂದೊಂದೇ ಚೀಟಿ ತೆಗೆದುಕೊಂಡು ಗೋದಾಮಿಗೆ ಹೋದವು.

"ಚಂದ ನಡೀತಿದ್ಯಲ್ಲ" ಎಂದರು ಹೆಗಡೆ ಸರ್.

"ಒಂದೊಂದೇ ಬಂದ್ರೆ ಆವತ್ತೂ ಚಂದಾನೇ ಇತ್ತು ಸರ್" ಎಂದರು ಇಮಾಮ್‌ಸಾಬರು. ನಸ್ರೀನಳ ಮುಖ ಸಣ್ಣಗಾಯಿತು. ಸಾಬರು ಎದ್ದು ಬಾಗಿಲಿಗೆ ಹೋಗಿ, ಎದುರಿನ ಚಹದಂಗಡಿಯಲ್ಲಿ ಕೂತಿದ್ದ ನಾಲ್ವರು ಡ್ರೈವರುಗಳಿಗೆ ಕೈ ಮಾಡಿದರು. "ಏ, ಎಲ್ರೂ ಬರ್ರೋ! ಒಟ್ಟಿಗೇ ನಂಬರ್ ಹೇಳ್ರೋ!"

"ಚಾ ಕುಡೀಲಿಕ್ಕೂ ಬಿಡೂದಿಲ್ಲಲ್ಲ ಸಾಬ್ರೆ" ಎಂದು ಗೊಣಗುತ್ತ ಬಂದರು. ಅವರಲ್ಲಿ ತೆಂಗಿನಕಾಯಿಯವನೂ ಇದ್ದ. ನಾಲ್ಕೂ ನಂಬರು ಒತ್ತಿ ಮುಗಿದಾಗ ಪ್ರಿಂಟರು ಮೊದಲ ಚೀಟಿಯ ಅರ್ಧದಲ್ಲಿತ್ತು. ನಾವೆಲ್ಲ ಆ ಕರಕರ ಕೇಳುತ್ತ ನಿಂತೆವು. ಒಂದು ಬಂತು. ಎರಡು. ಮೂರು. ಆಮೇಲೆ ಒಂದು ಗಳಿಗೆ ಸದ್ದಿಲ್ಲ. ಖೈರೂನ್‌ಬಿ ನನ್ನ ಮೊಣಕೈ ಹಿಂಡಿದರು. ಮತ್ತೆ ಕರಕರ. ನಾಲ್ಕು. ಪ್ರಿಂಟರು ಸುಮ್ಮನಾಗುವ ಹೊತ್ತನ್ನೇ ಕಾಯುತ್ತಿದ್ದ ಇಮಾಮ್‌ಸಾಬರು ಆ ಕ್ಷಣಕ್ಕೆ ಸರಿಯಾಗಿ ಇನ್ನೊಂದು ನಂಬರು ಒತ್ತಿದರು. ಅದರ ಚೀಟಿಯೂ ಬಂತು.

"ತೆಂಗಿನಕಾಯಿ ತೆಂಗಿನಕಾಯಿಯಾಗೇ ಉಂಟು" ಎಂದು ಆ ಡ್ರೈವರು ಚೀಟಿ ಎತ್ತಿ ಎಲ್ಲರಿಗೂ ತೋರಿಸಿದ. ಅವನ ಗೆಳೆಯರು ಸಿಳ್ಳೆ ಹೊಡೆದರು.

"ಸಿಗ್ನಲ್ ಒಟ್ಟು ಎಷ್ಟು ಬಂತು ತಂಗಿ?" ಎಂದು ಹೆಗಡೆ ಸರ್ ಕೇಳಿದರು.

"ಗೊತ್ತಿಲ್ಲ ಸರ್. ಎಣಿಸೋದೇ ಇಲ್ಲ. ಕೆಲಸ ಎಷ್ಟು ಉಳಿದಿದೆ ಅಂತ ನೋಡ್ತೇನೆ."

"ಅಷ್ಟು ಗೊತ್ತಾಯ್ತಲ್ಲ, ಮತ್ತೆಂತ ಬೇಕು!" ಎಂದು ಅವರು ಪೆನ್ನು ಮುಚ್ಚಿ, ಚಹದ ಲೋಟಕ್ಕೆ ಕೈ ಚಾಚಿದರು.

ಇಮಾಮ್‌ಸಾಬರು ಹರಿದುಳಿದ ಕಾಗದದ ಅಂಚನ್ನು ಬೆರಳಿನಿಂದ ಸರಿಮಾಡುತ್ತ ನಿಂತಿದ್ದರು. ಅಷ್ಟರಲ್ಲಿ ಮಧ್ಯಾಹ್ನದ ಆಜಾನ್ ಕೇಳಿತು. ದಿನವೂ ಆ ಹೊತ್ತಿಗೆ ಅವರು ಆಫೀಸಿಗೆ ಬೀಗ ಹಾಕಿ ಮಸೀದಿಗೆ ಹೋಗುತ್ತಿದ್ದರು. ಬಂದ ಲಾರಿಗಳು ಅವರು ಬರುವವರೆಗೆ ರಸ್ತೆಯಲ್ಲೇ ಕಾಯುತ್ತಿದ್ದವು. ಅವತ್ತು ಬೀಗ ಕೈಗೆತ್ತಿಕೊಂಡರು, ನೋಡಿದರು, ಮತ್ತೆ ಮೊಳೆಗೆ ತೂಗುಹಾಕಿದರು. ಹೆಗಲ ಮೇಲಿನ ವಸ್ತ್ರದಿಂದ ಕುರ್ಚಿಯನ್ನು ಒಮ್ಮೆ ಒರೆಸಿ, ಟೋಪಿ ಹಾಕಿಕೊಂಡು, ಯಾರ ಮುಖವನ್ನೂ ನೋಡದೆ ಮೆಟ್ಟಿಲಿಳಿದು ಹೋದರು.

ನಸ್ರೀನ್ ಅಮ್ಮನನ್ನು ನೋಡಿದಳು, ನನ್ನನ್ನು ನೋಡಿದಳು. ದುಪಟ್ಟಾ ಸರಿಮಾಡಿಕೊಂಡು ಕೂತಳು. ಕೂತು ಉಸಿರು ಬಿಡುವಷ್ಟರಲ್ಲಿ ಹೊರಗೆ ಲಾರಿಯೊಂದು ಬಂದು ನಿಂತಿತು. ಡ್ರೈವರು ಕಿಟಕಿಯಲ್ಲಿ ಇಣುಕಿ, ಅನುಮಾನದಿಂದ ಒಳಗೆಲ್ಲ ಹುಡುಕಿದ.

"ಸಾಬ್ರು ಇಲ್ವೇನಮ್ಮ?"

"ನಾನಿದ್ದೀನಲ್ರೀ" ಎಂದಳು ನಸ್ರೀನ್. "ನಂಬರ್ ಹೇಳ್ರಿ."